ಪಾನನಿರೋಧದ ವರ್ಷ ನಮ್ಮ ಹೊರಮನೆಯಲ್ಲಿದ್ದವರು

ಅವರು ತೀರಿಕೊಂಡ ಸುದ್ದಿ ನಮಗೆ ತಲುಪುವ ಹೊತ್ತಿಗೆ ತಿಥಿಯೆಲ್ಲ ಮುಗಿದು ಎಷ್ಟೋ ಕಾಲವಾಗಿತ್ತು. ಮೈಸೂರಿನಿಂದ ಬಂದ ಮಗ ಊಟದ ನಡುವೆ, “ಅಪ್ಪಾ, ನಿಮ್ಮ ಅಬಕಾರಿ ಇನ್‌ಸ್ಪೆಕ್ಟರು ಹೋಗ್ಬಿಟ್ರಂತೆ. ಅವರ ಊರಿನವರೊಬ್ಬರು ಸಿಕ್ಕಿದ್ರು” ಅಂದ. ನಮ್ಮ ಯಜಮಾನರು ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ಹಾಕಿ, ಕೈ ತೊಳೆದುಕೊಂಡು ಹೋಗಿ ಜಗಲಿಯ ಮೇಲೆ ಕೂತರು. ನಾನು ಕರೆಯಲಿಲ್ಲ. “ಯಾಕಮ್ಮಾ, ಅಷ್ಟೊಂದು ಬೇಕಾದೋರಾ?” ಎಂದು ಮಗ ಕೇಳಿದ. ಅವರಿಲ್ಲದಿದ್ದರೆ ನೀನೇ ಇರುತ್ತಿರಲಿಲ್ಲ ಕಣೋ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಂಥದನ್ನು ಬಡಿಸುತ್ತ ಹೇಳಲಾಗುವುದಿಲ್ಲ. ಬರೆದರೆ ಹೇಳಬಹುದೇನೋ.

ಅವರ ಹೆಸರನ್ನು ಬರೆಯುವುದಿಲ್ಲ. ಅದು ಅವರಿಗೆ ಇಷ್ಟವೂ ಆಗುತ್ತಿರಲಿಲ್ಲ. “ಅಬಕಾರಿಯವನ ಹೆಸರು ಜನಕ್ಕೆ ನೆನಪಿದೆ ಅಂದ್ರೆ, ಒಂದೋ ಹೊಡೆದಿರ್ತಾನೆ, ಇಲ್ಲಾ ತಿಂದಿರ್ತಾನೆ” ಎನ್ನುತ್ತಿದ್ದರು. ಹಾಗಾಗಿ ಪಿರಿಯಾಪಟ್ಟಣದಲ್ಲಿ ಅವರು ಬರೀ ಇನಿಸ್ಪೆಟ್ರು.

ಎತ್ತರದ ಆಳು. ಮೈಮೇಲೆ ಮಾಂಸವಿಲ್ಲ. ಖಾಕಿ ಅಂಗಿ ಅವರ ಭುಜದ ಮೇಲೆ ಗೂಟಕ್ಕೆ ತೂಗುಹಾಕಿದ ಹಾಗೆ ಇರುತ್ತಿತ್ತು. ಸೈಕಲ್ಲಿತ್ತು, ಆದರೆ ಊರೊಳಗೆ ಹತ್ತುತ್ತಿರಲಿಲ್ಲ, ತಳ್ಳಿಕೊಂಡೇ ಹೋಗುವರು. ಯಾರ ಗುಡಿಸಲಿಗೆ ಹೋದರೂ ಬಾಗಿಲಲ್ಲೇ ನಿಂತು “ಒಳಗೆ ಯಾರಿದೀರಮ್ಮಾ?” ಎಂದು ಕೂಗುವರು. ಉತ್ತರ ಬರುವ ತನಕ ಹೊಸಿಲು ದಾಟುತ್ತಿರಲಿಲ್ಲ. ಜೊತೆಗಿದ್ದ ಜವಾನರಿಗೆ ಇದರಿಂದ ಬಹಳ ಸಂಕಟ. ಕೂಗಿ ಉತ್ತರ ಬರುವಷ್ಟರಲ್ಲಿ ಒಳಗಿನ ಮಡಕೆ ಹಿತ್ತಿಲು ದಾಟಿರುತ್ತಿತ್ತು.

ಇನ್ನೊಂದು, ನಶ್ಯ. ಮೂಗಿನ ಕೆಳಗೆ ಯಾವಾಗಲೂ ಕಂದು ಬಣ್ಣದ ಒಂದು ಗೆರೆ. ಯಾರಾದರೂ ಕುಡುಕರನ್ನು ಹೀಯಾಳಿಸಿದರೆ ಡಬ್ಬಿ ತೆಗೆದು ತೋರಿಸುವರು: “ನನ್ನ ಕೈಲಿ ಈ ಚಿಟಿಕೆ ಬಿಡೋಕಾಗಿಲ್ಲ ಸ್ವಾಮಿ. ನಾನು ಊರಿಗೆ ಹೆಂಡ ಬಿಡಿಸೋಕೆ ಬಂದಿದೀನಿ. ಸರ್ಕಾರಕ್ಕೆ ಬೇರೆ ಆಳು ಸಿಕ್ಕಲಿಲ್ಲ.”

ನಾನು ಚುಂಚನಕಟ್ಟೆ ಕಡೆಯ ಗದ್ದೆ ಬಯಲಿನ ಹುಡುಗಿ. ಮದುವೆಯಾಗಿ ಪಿರಿಯಾಪಟ್ಟಣದ ಈ ಮನೆಗೆ ಬಂದಾಗ ನನಗೆ ಹೇಳಿದ್ದು ಇಷ್ಟು: ಹುಡುಗನಿಗೆ ಪೇಟೆಬೀದಿಯಲ್ಲಿ ಬೆಲ್ಲ, ಕಾಳುಕಡ್ಡಿಯ ಅಂಗಡಿ ಇದೆ, ಲಿಂಗ ಕಟ್ಟಿದ ಮರ್ಯಾದಸ್ತರ ಮನೆ, ಹುಡುಗನಿಗೆ ಆಗಾಗ ಪಿತ್ತ ಕೆದರುತ್ತದೆ. ಆ ಪಿತ್ತ ಏನೆಂದು ಮದುವೆಯಾದ ತಿಂಗಳೊಳಗೇ ಗೊತ್ತಾಯಿತು. ಕೆರೆ ಆಚೆಗಿನ ಸಾರಾಯಿ ಅಂಗಡಿಗೆ ನಮ್ಮ ಯಜಮಾನರು ಹಿಂದಿನ ಬಾಗಿಲಿಂದ ಹೋಗಿ, ಅಂಗಡಿಯವನು ಮರೆಯಲ್ಲಿ ಕೊಟ್ಟದ್ದನ್ನು ಕುಡಿದು, ಏಲಕ್ಕಿ ಅಗಿಯುತ್ತ ಮನೆಗೆ ಬರುತ್ತಿದ್ದರು. ಜಗಳವಾಡುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮಾತಿಲ್ಲದೆ ಬಂದು ಮಾತಿಲ್ಲದೆ ಮಲಗುವರು. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಿತ್ತು. ಒಂದು ಪುಟ್ಟ ಸೀಸೆಯಲ್ಲಿ ಒಂದು ಗುಟುಕು ಉಳಿಸಿಕೊಂಡಿರುತ್ತಿದ್ದರು. ಅದು ಬಿದ್ದ ಮೇಲೆ ಕೈ ನಿಲ್ಲುತ್ತಿತ್ತು, ಅಂಗಡಿಯ ಬಾಗಿಲು ತೆರೆಯುತ್ತಿತ್ತು.

ಅತ್ತೆ ಮಾತ್ರ ಪಿತ್ತವೆಂಬ ಮಾತನ್ನು ಬಿಡಲಿಲ್ಲ. ನೆಂಟರ ಮುಂದೆ ಪಿತ್ತ, ನೆರೆಯವರ ಮುಂದೆ ಪಿತ್ತ, ಮನೆಗೆ ಬಂದ ಅಯ್ಯನವರ ಮುಂದೆ ಪಿತ್ತ. ನಾವಿಬ್ಬರೇ ಇರುವಾಗಲೂ ಪಿತ್ತವೇ.

ಅಂಥ ಅತ್ತೆ ಒಂದು ದಿನ ಹೊರಮನೆಯನ್ನು ಬಾಡಿಗೆಗೆ ಕೊಟ್ಟರು. ನಮ್ಮ ಮನೆಗೆ ಬೀದಿಯ ಕಡೆ ಬೇರೆ ಬಾಗಿಲಿದ್ದ ಒಂದು ಕೋಣೆ, ಅದರ ಮುಂದೆ ಜಗಲಿ. ಅದಕ್ಕೆ ಹೊರಮನೆ ಎನ್ನುತ್ತಿದ್ದೆವು. ತಾಲ್ಲೂಕಿಗೆ ಪಾನನಿರೋಧ ಬರುತ್ತದೆ, ಸಾರಾಯಿ ಹೆಂಡದ ಅಂಗಡಿಗಳೆಲ್ಲ ಮುಚ್ಚುತ್ತವೆ ಎಂಬ ಮಾತು ಹಬ್ಬಿದ್ದ ಕಾಲ. ಅದರ ಸಲುವಾಗಿಯೇ ಹೊಸ ಅಬಕಾರಿ ಇನ್‌ಸ್ಪೆಕ್ಟರು ಬಂದು ಮನೆ ಹುಡುಕುತ್ತಿದ್ದರು. ಯಾರೂ ಕೊಡಲಿಲ್ಲ, ನಮ್ಮತ್ತೆ ಕೊಟ್ಟರು. ನಾನು ಗಾಬರಿಯಿಂದ ಕೇಳಿದೆ, “ಏನತ್ತೆ, ಅಬಕಾರಿಯೋರನ್ನೇ ತಂದು ಮನೇಲಿ ಇಟ್ಕೊಂಡ್ರಲ್ಲ?”

“ಅದ್ಕೇ ಇಟ್ಕಂಡಿರಾದು ಕಣವ್ವ,” ಎಂದರು ಅತ್ತೆ. “ಬಾಗ್ಲಲ್ಲಿ ನಾಯಿ ಇದ್ರೆ ಕಳ್ಳ ಬರಾಕಿಲ್ಲ. ಇನಿಸ್ಪೆಟ್ರು ಒರ್ಗಡೆ ಇದ್ರೆ ಪಿತ್ತ ಒಳೀಕ್ ಬರಾಕಿಲ್ಲ.”

ಬಂದವರ ಜಾತಿಯನ್ನೂ ಕೇಳಿದ್ದರು. “ಸರ್ಕಾರಿ ಜಾತಿ ಕಣಮ್ಮ. ಮೂರು ವರ್ಷಕ್ಕೊಂದು ಊರು” ಎಂದು ಅವರು ನಕ್ಕುಬಿಟ್ಟರಂತೆ. ಕೋಲಾರದ ಕಡೆಯವರು, ಹೆಂಡತಿ ತೀರಿಹೋಗಿದ್ದಾಳೆ, ಒಬ್ಬ ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದಾರೆ, ಇಷ್ಟು ತಿಳಿಯಿತು. ಅವರಿಗೆ ಊಟ ಕೊಡುವುದಾದರೆ ಜಗಲಿಯಲ್ಲಿ ಎಂದು ಅತ್ತೆ ತೀರ್ಮಾನ ಮಾಡಿದರು. ಅವರೂ ಒಳಗೆ ಬರುವ ಆಸೆ ತೋರಿಸಲಿಲ್ಲ.

ನಾಯಿ ಕಾವಲಿನ ಉಪಾಯ ಫಲಿಸಲಿಲ್ಲ. ಯಜಮಾನರು ಹಿತ್ತಿಲಿನಿಂದ ಬರತೊಡಗಿದರು, ಅಷ್ಟೇ. ನಾವು ಹೆಂಗಸರಿಬ್ಬರಿಗೆ ಹೊಸ ಕೆಲಸ ಹತ್ತಿತು: ಹೊರಮನೆಯವರಿಗೆ ತಿಳಿಯದಂತೆ ನೋಡಿಕೊಳ್ಳುವುದು. ಅವರು ಜಗಲಿಯಲ್ಲಿ ಊಟ ಮಾಡುತ್ತಿದ್ದರೆ ಒಳಗೆ ಯಜಮಾನರ ಕಾಲು ತೊಡರಿ ತಂಬಿಗೆ ಉರುಳುವುದು. ಅತ್ತೆ ಕೂಡಲೇ “ಬೆಕ್ಕು ಕಣಪ್ಪ!” ಎನ್ನುವರು. ಅವರು ತಲೆಯೆತ್ತದೆ “ದೊಡ್ಡ ಬೆಕ್ಕೇ ಇರಬೇಕು, ಹಾಲು ಹಾಕಿ” ಎನ್ನುವರು. ಇದು ತಮಾಷೆಯೋ ಎಚ್ಚರಿಕೆಯೋ ಆಗ ನನಗೆ ತಿಳಿಯುತ್ತಿರಲಿಲ್ಲ.

ಪಾನನಿರೋಧ ಬಂದ ದಿನ ಊರಲ್ಲಿ ಒಂದು ಸಭೆಯಾಯಿತು. ಅಮಲ್ದಾರರು ಬಂದು ಭಾಷಣ ಮಾಡಿದರು. ಇನ್‌ಸ್ಪೆಕ್ಟರು ಕೆರೆ ಆಚೆಗಿನ ಅಂಗಡಿಗೆ ಬೀಗ ಹಾಕಿ, ಉಳಿದಿದ್ದ ಸಾರಾಯಿಗೆ ಅರಗಿನ ಮೊಹರು ಒತ್ತಿ ತಾಲ್ಲೂಕು ಕಚೇರಿಯ ಒಂದು ಕೋಣೆಯಲ್ಲಿಡಿಸಿದರು. ಹೆಂಡದ ಮಡಕೆಗಳನ್ನು ಒಡೆಸಿದರು. ಮಡಕೆ ಒಡೆಯುವಾಗ ಹೆಂಗಸರು ಚಪ್ಪಾಳೆ ತಟ್ಟಿದರು. ಅತ್ತೆ ಆ ಸಂಜೆ ಶಿವಾಲಯದಲ್ಲಿ ಕಾಯಿ ಒಡೆಸಿ, ಹೊರಮನೆಯ ಮುಂದೆ ನಿಂತು, “ನಿಮ್ ವಟ್ಟೆ ತಣ್ಣಗಿರ್ಲಿ ಕಣಪ್ಪ. ಎಷ್ಟೋ ಮನೆ ಉಳಿಸ್ಬುಟ್ರಿ” ಎಂದರು.

ಅವರಿಗೆ ಸಂತೋಷವಾದ ಹಾಗೆ ಕಾಣಲಿಲ್ಲ. “ಮಡಕೆ ಒಡೆಯೋದು ಸುಲಭ ಅಮ್ಮಾ,” ಎಂದರು. “ಇಷ್ಟು ದಿನ ಕುಡೀತಿದ್ದೋನು ನಾಳೆ ಸಂಜೆ ಎಲ್ಲಿ ಹೋಗಿ ಕೂತ್ಕೋಬೇಕು? ಅದನ್ನ ಯಾರೂ ಹೇಳಿಲ್ಲ.”

ಮಾರನೆಯ ದಿನ ಯಜಮಾನರು ಮಂಕಾಗಿದ್ದರು. ಅದರ ಮಾರನೆಯ ದಿನ ಬೆವರು, ವಾಂತಿ. ರಾತ್ರಿಯೆಲ್ಲ ನಿದ್ದೆಯಿಲ್ಲ. ಅತ್ತೆಗೆ ಖುಷಿ. “ವಿಷ ಇಳೀತಾ ಅದೆ” ಎಂದರು. ನಾನೂ ನಂಬಿದೆ. ಬೆಳಗಾದರೆ ಸಂತೆ, ಬೇಡವೆಂದರೂ ಕೇಳದೆ ಅಂಗಡಿಗೆ ಹೋದರು. ಬಿಸಿಲೇರುವ ಹೊತ್ತಿಗೆ ಪಕ್ಕದ ಅಂಗಡಿಯವರು ಓಡಿ ಬಂದರು. ನಾವು ಹೋಗಿ ನೋಡುವಾಗ ಸಂತೆಯ ಜನ ಅಂಗಡಿಯ ಮುಂದೆ ಕಿಕ್ಕಿರಿದಿದ್ದರು. ಯಜಮಾನರು ಬೆಲ್ಲದ ಅಚ್ಚುಗಳ ಮೇಲಿಂದ ಏನನ್ನೋ ಎರಡೂ ಕೈಯಿಂದ ಕೊಡವುತ್ತಿದ್ದರು. “ಇರುವೆ! ನೋಡ್ರಿ, ಎಂಗ್ ಮುತ್ಕೊಂಡವೆ! ಒಳೀಕೂ ಓದ್ವು!” ಎಂದು ಅಂಗಿ ಕಿತ್ತು ಎದೆ ಪರಚಿಕೊಂಡರು. ಬೆಲ್ಲದ ಮೇಲೆ ಒಂದು ಇರುವೆಯೂ ಇರಲಿಲ್ಲ. ಮೊದಲು ನಗುತ್ತಿದ್ದವರು ಆಮೇಲೆ ನಗುವುದನ್ನು ಬಿಟ್ಟರು.

“ಪಿತ್ತ ತಲೀಗೇರದೆ, ದಾರಿ ಬುಡ್ರಪ್ಪ,” ಎನ್ನುತ್ತ ಅತ್ತೆ ಜನರನ್ನು ಸರಿಸಿದರು. ನಾಲ್ಕು ಜನ ಹಿಡಿದು ಮನೆಗೆ ತಂದರು. ಮೈ ಕೆಂಡ. ಕಣ್ಣು ನನ್ನನ್ನು ನೋಡುತ್ತಿತ್ತು, ಆದರೆ ನಾನು ಯಾರೆಂದು ಗೊತ್ತಿರಲಿಲ್ಲ. ಅತ್ತೆ ದೃಷ್ಟಿ ತೆಗೆದರು, ವಿಭೂತಿ ಹಚ್ಚಿದರು, ಅಯ್ಯನವರಿಗೆ ಹೇಳಿ ಕಳಿಸಿದರು.

ನಾನು ಎದ್ದು ಹೋಗಿ ಹೊರಮನೆಯ ಬಾಗಿಲು ಬಡಿದೆ. ಅಲ್ಲಿಯತನಕ ಅವರೊಂದಿಗೆ ನೇರವಾಗಿ ಒಂದು ಮಾತನ್ನೂ ಆಡಿದವಳಲ್ಲ. ಅವರು ಬಾಗಿಲು ತೆರೆದರು.

“ನಮ್ಮ ಯಜಮಾನ್ರು ಕುಡೀತಾರೆ,” ಎಂದೆ. “ದಿನಾ ಕುಡೀತಿದ್ರು. ಈಗ ನಿಲ್ಲಿಸಿದ್ಮೇಲೆ ಸಾಯೋ ಅಂಗಾಗವ್ರೆ.”

“ಕುಡೀತಿದ್ದದ್ದು ಗೊತ್ತು ತಂಗಿ,” ಎಂದರು ಅವರು. “ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ. ನಡಿ.”

ಸೈಕಲ್ಲನ್ನು ಊರೊಳಗೆ ಅವರು ಹತ್ತಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಹಿಂದೆ ಕೂರಿಸಿಕೊಂಡೇ ಬಂದರು. ವಯಸ್ಸಾದ ಡಾಕ್ಟರು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಎತ್ತಿ ನೋಡಿ, ಅತ್ತೆಯ ಕಡೆ ತಿರುಗಿದರು.

“ಎಷ್ಟು ವರ್ಷದಿಂದ ಕುಡೀತಿದ್ದಾರೆ?”

“ಪಿತ್ತ ಸ್ವಾಮಿ...”

“ಅಮ್ಮಾ, ಪಿತ್ತಕ್ಕೆ ಔಷಧಿ ಕೊಟ್ರೆ ನಿಮ್ಮ ಮಗ ಉಳಿಯಲ್ಲ.”

ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. ನಾನು ಹೇಳಿದೆ. ಡಾಕ್ಟರು ತಲೆಯಾಡಿಸಿದರು. ಹೀಗೆ ದಿನವೂ ಬೀಳುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತರೆ ಕೆಲವರ ನರಗಳು ತಡೆಯುವುದಿಲ್ಲ, ಅದಕ್ಕೇ ಕಣ್ಣಿಗೆ ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬಂದರೆ ಪ್ರಾಣ ಹೋಗಬಹುದು ಎಂದರು. ಬೇಕಾದ ಔಷಧಿ ಮೈಸೂರಿನಿಂದ ಬರಬೇಕು. ಅಲ್ಲಿಯವರೆಗೆ ಹಿಡಿದು ನಿಲ್ಲಿಸಲು ಒಂದೇ ದಾರಿ: ಅದನ್ನೇ ಅಳತೆಯ ಮೇಲೆ, ದಿನದಿನಕ್ಕೆ ಕಡಿಮೆ ಮಾಡುತ್ತ ಕೊಡುವುದು.

“ಆಸ್ಪತ್ರೇಲಿ ಬ್ರಾಂದಿ ಇದ್ಯಾ?” ಇನ್‌ಸ್ಪೆಕ್ಟರು ಕೇಳಿದರು.

“ತೀರಿಹೋಗಿದೆ.”

ಪಿರಿಯಾಪಟ್ಟಣದಲ್ಲಿ ಆ ಹೊತ್ತು ಕಾಯ್ದೆ ಪ್ರಕಾರ ಸಾರಾಯಿ ಇದ್ದ ಜಾಗ ಒಂದೇ, ಅದರ ಬೀಗದ ಕೈ ಇದ್ದದ್ದು ನಮ್ಮ ಹೊರಮನೆಯವರ ಜೇಬಿನಲ್ಲಿ. ಅವರು ನಶ್ಯದ ಡಬ್ಬಿ ತೆಗೆದರು, ತೆರೆಯದೆ ಮತ್ತೆ ಒಳಗಿಟ್ಟರು.

“ಇಷ್ಟು ವರ್ಷ ಅಂಗಡಿ ಹರಾಜು ಹಾಕಿ ಕುಡಿಸಿದ್ದೂ ಸರ್ಕಾರವೇ,” ಎಂದರು ನಿಧಾನವಾಗಿ. “ಈಗ ಇಳಿ ಅಂತಿರೋದೂ ಸರ್ಕಾರವೇ. ಅಟ್ಟ ಹತ್ತಿಸಿದೋರು ಇಳಿಯೋಕೆ ಏಣೀನೂ ಹಿಡೀಬೇಕು. ತರ್ತೀನಿ.”

ಅತ್ತೆ ದಡಬಡಿಸಿ ಎದ್ದು, “ಇತ್ಲು ಬಾಗ್ಲಿಂದ ತನ್ನಿ ನಮ್ಮಪ್ಪ, ಸೀರೆ ಕೊಡ್ತೀನಿ, ಸುತ್ಕಂಡು ತನ್ನಿ. ಸಂತೆ ದಿನ, ಜನ ನೋಡ್ತರೆ” ಎಂದರು.

“ಇಲ್ಲಮ್ಮ. ಮುಚ್ಚಿಟ್ಟು ತಂದ್ರೆ ಇದು ಸಾರಾಯಿ. ಎಲ್ಲರೆದುರಿಗೆ ತಂದ್ರೆ ಔಷಧಿ.”

ಹಾಗೆಯೇ ಮಾಡಿದರು. ತಾಲ್ಲೂಕು ಕಚೇರಿಯಲ್ಲಿ ಇದ್ದವರನ್ನು ಕರೆದು, ಅವರ ಮುಂದೆ ಮೊಹರು ಒಡೆದು, ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡು ಸಂತೆಯ ನಡುವೆ ನಡೆದು ಬಂದರು. ಜನ ದಾರಿ ಬಿಟ್ಟು ನೋಡಿದರಂತೆ. ಮೂರು ದಿನದ ಹಿಂದೆ ಮಡಕೆ ಒಡೆಸಿದ ಮನುಷ್ಯ ಸಾರಾಯಿ ಹಿಡಿದುಕೊಂಡು ಲಿಂಗವಂತರ ಮನೆಗೆ ಹೋಗುತ್ತಿದ್ದಾನೆ.

ಮನೆಯಲ್ಲಿ ಲೋಟದಿಂದ ಕುಡಿಸಲು ನೋಡಿದರೆ ಯಜಮಾನರ ಹಲ್ಲು ಕಟಕಟ ಬಡಿದು ಎಲ್ಲ ಚೆಲ್ಲಿಹೋಯಿತು. ಆಗ ಅತ್ತೆ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಒಳಲೆ ಇತ್ತು. ಕೂಸುಗಳಿಗೆ ಹಾಲು, ಔಷಧಿ ಕುಡಿಸುವ, ಕೊಕ್ಕಿನ ಹಾಗೆ ಮೂತಿ ಇರುವ ಬೆಳ್ಳಿಯ ಬಟ್ಟಲು. “ಇವನ್ಗೆ ಅಳ್ಳೆಣ್ಣೆ ಕುಡಿಸ್ತಿದ್ದಿದ್ದು ಇದ್ರಲ್ಲೇ” ಎಂದರು. ಕೊರಳಿನ ಲಿಂಗದ ಕರಡಿಗೆಯನ್ನು ಬೆನ್ನ ಕಡೆಗೆ ಸರಿಸಿ ಸೆರಗು ಮುಚ್ಚಿಕೊಂಡರು. ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಡಾಕ್ಟರು ಅಳೆದು ಹಾಕಿದ್ದನ್ನು ಕಟಬಾಯಿಯಿಂದ ಒಂದೊಂದೇ ಹನಿ ಬಿಟ್ಟರು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ಅಲುಗಲಿಲ್ಲ.

ಇನ್‌ಸ್ಪೆಕ್ಟರು ಅಷ್ಟು ಹೊತ್ತೂ ಹೊಸಿಲಾಚೆ ನಿಂತು ಗೋಡೆ ನೋಡುತ್ತಿದ್ದರು.

ಮಧ್ಯಾಹ್ನ ಕಳೆಯುವಾಗ ನಡುಕ ಇಳಿಯಿತು. ಮಾರನೆಯ ದಿನದ ಬಸ್ಸಿನಲ್ಲಿ ಔಷಧಿ ಬಂತು. ಡಾಕ್ಟರು ದಿನಾ ಬಂದು ಸೂಜಿ ಹಾಕಿದರು. ಒಳಲೆಗೆ ಹಾಕುತ್ತಿದ್ದದ್ದು ಅರ್ಧವಾಯಿತು, ಕಾಲಾಯಿತು, ನಾಲ್ಕು ಹನಿಯಾಯಿತು. ಒಂದು ಬೆಳಿಗ್ಗೆ ಯಜಮಾನರು ತಾವಾಗಿಯೇ ಎದ್ದು ಕೂತು, “ಲೇ, ಅಂಬ್ಲಿ ಅದ?” ಎಂದು ಕೇಳಿದರು. ನಾನು ಅಡುಗೆಮನೆಗೆ ಹೋಗಿ, ಅಂಬಲಿ ಕಾಯಿಸುವ ಮೊದಲು, ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ.

ಉಳಿದ ಸಾರಾಯಿಯನ್ನು ಇನ್‌ಸ್ಪೆಕ್ಟರು ಅದೇ ಸೀಸೆಯಲ್ಲಿ ಅದೇ ದಾರಿಯಲ್ಲಿ ವಾಪಸು ತೆಗೆದುಕೊಂಡು ಹೋದರು.

ಅಷ್ಟರಲ್ಲಿ ಮೈಸೂರಿಗೆ ಮೂಗರ್ಜಿ ಹೋಗಿತ್ತು. ಕೆರೆ ಆಚೆಗಿನ ಸಾರಾಯಿ ಅಂಗಡಿ ಕಳೆದುಕೊಂಡ ಗುತ್ತಿಗೆದಾರನೇ ಬರೆಸಿದ್ದೆಂದು ಊರಿಗೆಲ್ಲ ಗೊತ್ತಿತ್ತು. ಇನ್‌ಸ್ಪೆಕ್ಟರು ಬಾಡಿಗೆ ಮನೆಯವರ ಋಣಕ್ಕೆ ಬಿದ್ದು ಸರ್ಕಾರದ ಸಾರಾಯಿ ಅವರಿಗೆ ಕೊಡುತ್ತಿದ್ದಾರೆ, ಆ ಮನೆಯ ಸಾವುಕಾರನಿಗೆ ಇರುವುದು ಬರೀ ಪಿತ್ತವೆಂದು ಅವನ ತಾಯಿಯೇ ಸಂತೆಯಲ್ಲಿ ಹೇಳಿದ್ದಾರೆ ಎಂದು ಅದರಲ್ಲಿತ್ತಂತೆ. ವಿಚಾರಣೆಗೆ ದೊಡ್ಡ ಸಾಹೇಬರು ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದರು. ಡಾಕ್ಟರು ಮಗಳ ಮದುವೆಗೆಂದು ರಜದ ಮೇಲೆ ತಮ್ಮೂರಿಗೆ ಹೋಗಿದ್ದರು.

ವಿಷಯ ನಮಗೆ ಹೇಳಿದ್ದು ಜವಾನ. “ರೋಗಿಗೆ ಏನಾಗಿತ್ತು ಹೇಳಿ ಅಂತ ಸಾಹೇಬ್ರು ಕೇಳಿದ್ರೆ, ನಮ್ ಇನಿಸ್ಪೆಟ್ರು ಬಾಯೇ ಬುಡಾಕಿಲ್ಲ ಅಂತಾರೆ ಕಣವ್ವ. ‘ಡಾಕ್ಟ್ರು ಹೇಳಿದ್ರು, ಕೊಟ್ಟೆ. ಆ ಮನೆಯ ಮರ್ಯಾದೆ ನಂದಲ್ಲ, ಅದನ್ನ ನಾನು ಬೀದೀಲಿ ಬಿಚ್ಚಲ್ಲ’ ಅಂತ ಕೂತವ್ರೆ. ಕೆಲ್ಸ ಹೋಯ್ತದೆ ನೋಡಿ.”

ನಾನು ಅತ್ತೆಯ ಮುಖ ನೋಡಿದೆ. ಅವರು ಒರಳಿನ ಮುಂದೆ ಕೂತಿದ್ದರು. ಕೈ ತೊಳೆದರು, ಸೀರೆ ಸರಿಮಾಡಿಕೊಂಡರು, ಹಣೆಗೆ ವಿಭೂತಿ ಇಟ್ಟರು. “ಏಳ್ಲಾ ಮಗ” ಎಂದರು ಯಜಮಾನರಿಗೆ. ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ಮನುಷ್ಯ. ನಾನು ಒಂದು ಕಡೆ, ಅತ್ತೆ ಒಂದು ಕಡೆ ಹಿಡಿದುಕೊಂಡೆವು. ಪೇಟೆಬೀದಿಯಲ್ಲೇ ಹೋದೆವು.

ಬಂಗಲೆಯ ವರಾಂಡದಲ್ಲಿ ಸಾಹೇಬರು ಮೇಜಿನ ಹಿಂದೆ ಕೂತಿದ್ದರು. ಇನ್‌ಸ್ಪೆಕ್ಟರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅಂಗಳದಲ್ಲಿ ಊರಿನ ಅರ್ಧ ಜನ. ಆ ಗುತ್ತಿಗೆದಾರನೂ ಇದ್ದ. ಅತ್ತೆ ಮೆಟ್ಟಿಲ ಹತ್ತಿರ ನಿಂತು, ಯಾರೂ ಕೇಳುವ ಮುಂಚೆ, ಎತ್ತರದ ದನಿಯಲ್ಲಿ ಹೇಳಿದರು:

“ನನ್ ಮಗ ಕುಡುಕ ಸ್ವಾಮಿ. ಪಿತ್ತ ಅಂತ ಊರ್ಗೆಲ್ಲ ಸುಳ್ ಏಳ್ಕಂಡು ಬಂದೋಳು ನಾನು. ಅಂಗಡಿ ಮುಚ್ಚಿದ್ಮೇಲೆ ಇವ್ನ ಜೀವ ಓಯ್ತಿತ್ತು. ಈ ಪುಣ್ಯಾತ್ಮ ಕೊಟ್ಟಿದ್ದು ಸಾರಾಯಿ ಅಲ್ಲ, ನನ್ ಮಗನ್ನ. ಅದ್ನ ಇದೇ ಕೈಲಿ ಕುಡಿಸ್ದೋಳೂ ನಾನೇ. ತಪ್ಪಾಗಿದ್ರೆ ನನ್ನ ಜೈಲ್ಗಾಕಿ, ಅವರ್ನ ಬುಟ್ಬುಡಿ.”

ಯಜಮಾನರು ನನ್ನ ಕೈ ಬಿಡಿಸಿಕೊಂಡು ಒಂದು ಹೆಜ್ಜೆ ಮುಂದೆ ಹೋದರು. “ದಿಟ ಸ್ವಾಮಿ” ಎಂದರು. ಗುತ್ತಿಗೆದಾರನ ಕಡೆ ಕೈ ತೋರಿಸಿ, “ಬೇಕಾರೆ ಇವ್ರನ್ನೇ ಕೇಳಿ. ಇವ್ರಂಗ್ಡಿ ಇಂದ್ಗಡೆ ಬಾಗ್ಲು ಸವೆಸಿದೋನು ನಾನೇ” ಎಂದರು. ಯಾರೋ ಹಿಂದೆ ಕಿಸಕ್ಕೆಂದರು. ಗುತ್ತಿಗೆದಾರ ಮುಖ ತಿರುಗಿಸಿಕೊಂಡ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಕೂತ್ಕೊಳ್ಳಿ ತಾಯಿ, ಅವರನ್ನೂ ಕೂರಿಸಿ,” ಎಂದರು. ಇನ್‌ಸ್ಪೆಕ್ಟರ ಕಡೆ ತಿರುಗಿ, “ಇದನ್ನ ಹೇಳೋಕೆ ನಿಮಗೇನ್ರೀ ಕಷ್ಟವಾಗಿತ್ತು?” ಎಂದರು. ಮತ್ತೆ ಕನ್ನಡಕ ಹಾಕಿಕೊಂಡು, “ಇನ್ನು ಮುಂದೆ ಇಂಥದ್ದಾದರೆ ಮೊದಲು ನನಗೆ ಒಂದು ತಂತಿ ಕಳಿಸಿ. ಹೋಗಿ” ಎಂದರು. ಅಷ್ಟೇ. ವಿಚಾರಣೆ ಮುಗಿದಿತ್ತು.

ಮನೆಗೆ ಬರುವ ದಾರಿಯಲ್ಲಿ ಯಾರು ಏನು ಅನ್ನುತ್ತಾರೋ ಎಂದು ನಾನು ತಲೆ ತಗ್ಗಿಸಿಕೊಂಡೇ ಬಂದೆ. ಯಾರೂ ಏನೂ ಅನ್ನಲಿಲ್ಲ. ಎದುರು ಮನೆಯ ಮುದುಕಿ ಮಾತ್ರ ಅತ್ತೆಯ ಕೈ ಹಿಡಿದುಕೊಂಡು, “ನಮ್ಮನೇಲೂ ಒಂದು ಪಿತ್ತ ಅದೆ ಕಣಕ್ಕ” ಎಂದು ಅತ್ತಳು. ಅತ್ತೆ ಅವತ್ತು ಮಧ್ಯಾಹ್ನ ಊಟ ಮಾಡಿ ಚಾಪೆ ಹಾಸಿಕೊಂಡು ಸಂಜೆಯವರೆಗೂ ಗೊರಕೆ ಹೊಡೆದು ಮಲಗಿದರು. ಅವರು ಹಗಲು ಮಲಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಸಂಜೆ ಎಲ್ಲಿ ಕೂತುಕೊಳ್ಳಬೇಕೆಂಬ ಪ್ರಶ್ನೆಗೆ ಇನ್‌ಸ್ಪೆಕ್ಟರೇ ಉತ್ತರ ಹುಡುಕಿದರು. ನಮ್ಮ ಜಗಲಿಯ ಕಲ್ಲಿನ ಮೇಲೆ ಯಾವ ಕಾಲದಲ್ಲೋ ಕೆತ್ತಿದ ಹುಲಿಕುರಿ ಆಟದ ಮನೆಗಳಿದ್ದವು. ಅಂಗಡಿ ಮುಚ್ಚುವ ಹೊತ್ತಿಗೆ ಅವರೇ ಪೇಟೆಬೀದಿಗೆ ಹೋಗಿ ಯಜಮಾನರನ್ನು ಕರೆತಂದು ಹುಣಸೆಬೀಜ ಹಾಕಿ ಆಟಕ್ಕೆ ಕೂರಿಸುವರು. ತಾವು ಯಾವಾಗಲೂ ಕುರಿಗಳ ಕಡೆ. “ಹುಲಿ ಆಗೋದು ಆಫೀಸಲ್ಲಿ ಸಾಕಾಗಿದೆ” ಎನ್ನುವರು. ಆಟ ಅವರಿಗೆ ಬರುತ್ತಲೇ ಇರಲಿಲ್ಲ. ಸೋತಾಗಲೆಲ್ಲ ಅನುಮಾನದಿಂದ ಬೀಜ ಎಣಿಸುವರು. ಆಮೇಲೆ ಎದುರು ಮನೆಯ ಮುದುಕಿಯ ಮಗ ಬಂದು ಕೂತ. ಮತ್ತಿಬ್ಬರು ಬಂದರು. ಪಾನನಿರೋಧದಿಂದ ಕೆಲಸ ಕಳೆದುಕೊಂಡಿದ್ದ ಒಬ್ಬ ಹೆಂಡ ಇಳಿಸುವವನನ್ನೂ ಕರೆತಂದರು. ಅವನು ಆಮೇಲೆ ನಮ್ಮ ಅಂಗಡಿಯಲ್ಲೇ ಬೆಲ್ಲದ ಮೂಟೆ ಇಳಿಸುವ ಕೆಲಸಕ್ಕೆ ನಿಂತ. ಕತ್ತಲಾಗುವ ಹೊತ್ತಿನ ಆ ಗಂಟೆ ದಾಟಿದರೆ ದಿನ ದಾಟಿದ ಹಾಗೆ ಎಂದು ಅವರು ನಂಬಿದ್ದರು. ನಾನು ಒಳಗಿನಿಂದ ಹುರಿಗಾಳು ಕಳಿಸುತ್ತಿದ್ದೆ. ಯಜಮಾನರು ದೊಡ್ಡ ದನಿಯಲ್ಲಿ ವಾದ ಮಾಡುವುದು, ನಗುವುದು ಕೇಳಿಸುತ್ತಿತ್ತು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರ ನಗೆಯ ಸದ್ದು ನನಗೆ ಪರಿಚಯವಾದದ್ದು ಆಗ.

ಪಾನನಿರೋಧದಿಂದ ಎಲ್ಲ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಅವರೂ ಹೇಳುತ್ತಿರಲಿಲ್ಲ. ಕಾಡಂಚಿನಲ್ಲಿ ಕಳ್ಳಭಟ್ಟಿ ಹೊಗೆಯಾಡುತ್ತಿತ್ತು, ಕೊಡಗಿನ ಕಡೆಯಿಂದ ಸೀಸೆ ಬರುತ್ತದೆಂದು ಮಾತಿತ್ತು. ಒಮ್ಮೆ ವೀರನಹೊಸಹಳ್ಳಿಯ ಹತ್ತಿರ ದಾಳಿಗೆ ಹೋದಾಗ ಭಟ್ಟಿ ಕಾಯಿಸುತ್ತಿದ್ದವನು ಕಾಡಿಗೆ ಓಡಿಹೋದನಂತೆ, ಅವನ ಹೆಂಡತಿ ಎಳೆಗೂಸು ಕಟ್ಟಿಕೊಂಡು ನಿಂತಿದ್ದಳಂತೆ. ಇವರು ದೊಣ್ಣೆಯನ್ನು ಅವಳ ಕೈಗೇ ಕೊಟ್ಟು, “ನೀನೇ ಒಡಿ ತಾಯಿ, ನನಗಿಂತ ಸಿಟ್ಟು ನಿನಗಿದೆ” ಎಂದರಂತೆ. ಅವಳು ಒಡೆದ ರಭಸಕ್ಕೆ ಜವಾನರು ಹಿಂದೆ ಸರಿದರಂತೆ. “ಆ ಮನೇಲಿ ಇನ್ನು ಭಟ್ಟಿ ಏಳಲ್ಲ,” ಎಂದು ಹೇಳಿ, “ಪಕ್ಕದ ಮನೇಲಿ ಏಳಬಹುದು” ಎಂದು ಸೇರಿಸಿದರು.

ಮುಂದಿನ ವರ್ಷ ಅವರಿಗೆ ಹೆಗ್ಗಡದೇವನಕೋಟೆಗೆ ವರ್ಗವಾಯಿತು. ಹೊರಡುವ ದಿನ ಬೆಳಿಗ್ಗೆ ಅತ್ತೆ ಒಬ್ಬಟ್ಟು ಮಾಡಿಸಿದರು. ನಾನು ಎಂದಿನಂತೆ ಜಗಲಿಗೆ ಎಲೆ ಒಯ್ಯುತ್ತಿದ್ದೆ. ಅತ್ತೆ ತಡೆದು, ನಡುಮನೆಯಲ್ಲಿ ಮಗನ ಎಲೆಯ ಪಕ್ಕದಲ್ಲಿ ಹಾಕು ಎಂದರು. ತಾವೇ ಹೋಗಿ ಕರೆದರು.

ಅವರು ಹೊಸಿಲಲ್ಲಿ ನಿಂತರು. ಒಳಗೆ ಬರಲಿಲ್ಲ.

“ಅಮ್ಮಾ, ಬಂದ ದಿನ ಜಾತಿ ಕೇಳಿದ್ರಿ, ನಾನು ಹಾರಿಸಿಬಿಟ್ಟೆ. ಹೇಳಿಬಿಡ್ತೀನಿ. ನಮ್ಮಪ್ಪ ಈಚಲ ಮರ ಹತ್ತಿ ಹೆಂಡ ಇಳಿಸ್ತಿದ್ದೋನು. ಆ ದುಡ್ಡಲ್ಲೇ ನನ್ನ ಓದಿಸಿದ. ಕೊನೆಗೆ ಅವನೂ ಕುಡಿದೇ ಹೋದ. ನನಗೆ ಅವನನ್ನ ಇಳಿಸೋಕಾಗಲಿಲ್ಲ.” ಹಾಕಿದ್ದ ಎಲೆಯ ಕಡೆ ನೋಡಿದರು. “ಈಗ ಹೇಳಿ, ಎಲೆ ಎಲ್ಲಿ ಹಾಕ್ತೀರಿ?”

ಅತ್ತೆ ಅವರನ್ನು ನೋಡಿದರು. ಹುಟ್ಟಿನಿಂದ ಕಟ್ಟಿಕೊಂಡು ಬಂದ ಜಾತಿ, ಮಡಿ ಅವರನ್ನು ಎಷ್ಟು ಹಿಂದಕ್ಕೆ ಎಳೆದಿರಬೇಕು ಎಂದು ಈಗ ನನಗೆ ಅರ್ಥವಾಗುತ್ತದೆ. ಆಗ ನನಗೆ ಕಂಡದ್ದು, ಅವರು ಸೆರಗಿನಿಂದ ಮೂಗೊರೆಸಿಕೊಂಡು ಗದರಿಕೊಂಡದ್ದು ಮಾತ್ರ.

“ಎಲೆ ಆಕಿ ಆಯ್ತಲ್ಲ. ಅನ್ನ ಆರ್ತಾ ಅದೆ. ಬಂದು ಕೂತ್ಕೊಳಪ್ಪ.”

ಅವರು ಬಂದು ಕೂತರು. ಯಜಮಾನರು ತಮ್ಮ ಎಲೆಯಿಂದ ಎದ್ದು ಅವರಿಗೆ ತುಪ್ಪ ಬಡಿಸಿದರು.

ಮಧ್ಯಾಹ್ನದ ಬಸ್ಸಿಗೆ ಹೊರಟರು. ಸೈಕಲ್ಲನ್ನು ಬಸ್ಸಿನ ಮೇಲಕ್ಕೆ ಹತ್ತಿಸುವಾಗ ಯಜಮಾನರಿಗೆ ಏನೋ ಹೇಳಿದರು. ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಮೇಲೆ ಕೋಟೆಯಿಂದ ಹುಣಸೂರು, ಅಲ್ಲಿಂದ ತಮ್ಮ ಸೀಮೆ. ಒಂದೆರಡು ಸಲ ನಮ್ಮಲ್ಲಿಗೆ ಬಂದುಹೋದರು. ಪ್ರತಿ ಸಲವೂ ನಡುಮನೆಯಲ್ಲೇ ಉಂಡರು.

ಆದರೆ ನಾನು ಹೇಳಬೇಕೆಂದಿದ್ದದ್ದು ಅವರು ಹೋದ ಆ ದಿನದ ಸಂಜೆಯದು. ಹೊರಮನೆಗೆ ಬೀಗ ಬಿದ್ದಿತ್ತು. ಜಗಲಿ ಖಾಲಿ. ಕರೆದುಕೊಂಡು ಬರುವವರಿಲ್ಲ, ಇವರು ತಾವಾಗಿ ಬರುತ್ತಾರೆಯೇ? ದೀಪ ಹಚ್ಚುವ ಹೊತ್ತಾಯಿತು. ಬೀದಿಯಲ್ಲಿ ಮಾತು ಕೇಳಿಸಿತು. ಯಜಮಾನರು ಎದುರು ಮನೆಯ ಹುಡುಗನನ್ನು ಕರೆಯುತ್ತಿದ್ದರು: “ಬಾರ್ಲಾ, ಇವತ್ತ್ ಕುರಿ ನಂದು, ಉಲಿ ನೀನಾಗು.” ಹುಣಸೆಬೀಜ ಕಲ್ಲಿನ ಮೇಲೆ ಬಿದ್ದ ಸದ್ದಾಯಿತು.

ಮದುವೆಯಾದಂದಿನಿಂದ ನನಗೊಂದು ಅಭ್ಯಾಸವಿತ್ತು, ಯಾರಿಗೂ ಹೇಳಿದ್ದಲ್ಲ. ಅವರು ಸಂಜೆ ಒಳಗೆ ಬಂದ ಕೂಡಲೇ ಶಲ್ಯ ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರ ಹೋಗಿ ಉಸಿರಿನ ವಾಸನೆ ನೋಡುತ್ತಿದ್ದೆ. ಕಾಯಿಲೆ ಗುಣವಾದ ಮೇಲೂ ಒಂದು ದಿನವೂ ಬಿಟ್ಟಿರಲಿಲ್ಲ. ಅವತ್ತು ಅವರು ಆಟ ಮುಗಿಸಿ ಒಳಗೆ ಬಂದರು, ಗೆದ್ದೆ ಎಂದರು, ಸಾರು ಉಪ್ಪಾಗಿದೆ ಎಂದರು, ನಾನು ಏನೋ ಎದುರು ಮಾತನಾಡಿದೆ, ಉಂಡೆವು, ಮಲಗಿದೆವು. ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಲು ಹೊರಟಾಗ ನೋಡಿದರೆ, ಶಲ್ಯ ಅವರೇ ನೇತುಹಾಕಿದ ಗೂಟದಲ್ಲಿ ಹಾಗೆಯೇ ಇತ್ತು.

ನಾನು ಮರೆತುಬಿಟ್ಟಿದ್ದೆ.